ಕಿವಿಗೆ ಸಲ್ಲದ ಬಹುಮಾನ

ಟೆಲಿವಿಷನ್ ಧಾರಾವಾಹಿಗಳಿಗೆ ವರ್ಷಕ್ಕೊಮ್ಮೆ ಪ್ರಶಸ್ತಿ ಹಂಚುವ ಸಮಾರಂಭವನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಹಾಗೆ ಹುಬ್ಬೇರಿಸುವವರ ಮನೆಯಲ್ಲೂ ಆ ಹೊತ್ತಿಗೆ ಟೆಲಿವಿಷನ್ ಮಾತಾಡುತ್ತಲೇ ಇರುತ್ತದೆ ಎಂಬುದು ನನ್ನ ಮೊದಲನೆಯ ಸಮಾಧಾನ. ಎರಡನೆಯದು ಇದಕ್ಕಿಂತ ಗಟ್ಟಿಯಾದದ್ದು. ಸಾವಿರ ಪ್ರತಿ ಅಚ್ಚಾಗಿ ಅದರಲ್ಲಿ ಅರ್ಧ ಉಳಿದ ಕಾದಂಬರಿಯನ್ನು ಕುರಿತು ನಾವು ವಾರಗಟ್ಟಲೆ ಚರ್ಚಿಸುತ್ತೇವೆ. ಅಸಂಖ್ಯ ಮನೆಗಳಲ್ಲಿ ದಿನವೂ ಕೇಳಿಬರುವ ಕನ್ನಡವನ್ನು, ಅದರ ಬನಿಯನ್ನು, ಅದರ ಒಪ್ಪುತಪ್ಪುಗಳನ್ನು ಕುರಿತು ಒಂದು ಮಾತೂ ಆಡದೆ ಕುಳಿತುಕೊಳ್ಳುವುದು ಔದಾಸೀನ್ಯವೇ ಹೊರತು ಸದಭಿರುಚಿಯಲ್ಲ.

ಈಚೆಗೆ ಹೊಸಪೇಟೆಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಕುಳಿತು ಇಂಥ ಒಂದು ಸಮಾರಂಭವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಒಂದೇ ಪಟ್ಟಿಗೆ ಮುಗಿಯುವ ಬಾಬತ್ತಲ್ಲ ಅದು. ಶನಿವಾರ ಅರ್ಧ, ಭಾನುವಾರ ಅರ್ಧ. ಆ ಮನೆಯ ಮೂರು ತಲೆಮಾರಿನ ಹೆಣ್ಣುಮಕ್ಕಳು, ಪಕ್ಕದ ಮನೆಯ ಇಬ್ಬರು, ಊಟದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತೇ ಇದ್ದ ಯಜಮಾನರು, ಇಷ್ಟು ಮಂದಿ ಸಭಾಸದರು. ತಾವು ಇದನ್ನೆಲ್ಲ ನೋಡುವುದಿಲ್ಲವೆಂದು ಯಜಮಾನರು ನಾಲ್ಕು ಸಲ ಹೇಳಿದರು. ಬಾಗಿಲು ಬಿಟ್ಟು ಮಾತ್ರ ಕದಲಲಿಲ್ಲ.

ಕನ್ನಡದಲ್ಲಿ ಹೆಸರಾದ ಇಂಥ ಸಮಾರಂಭಗಳು ಮುಖ್ಯವಾಗಿ ಎರಡು. ಕಲರ್ಸ್ ಕನ್ನಡ ವಾಹಿನಿಯದು ‘ಅನುಬಂಧ’. ಜೀ ಕನ್ನಡದ್ದು ‘ಕುಟುಂಬ’. ಹೆಸರಿಟ್ಟವರು ಪ್ರಾಮಾಣಿಕರೆಂದೇ ಹೇಳಬೇಕು. ಆಯಾ ವಾಹಿನಿ ತನ್ನ ಧಾರಾವಾಹಿಗಳಿಗೆ, ತನ್ನ ಕಲಾವಿದರಿಗೆ, ತನ್ನದೇ ವೇದಿಕೆಯಲ್ಲಿ ಕೊಡುವ ಮನ್ನಣೆ ಇದು. ನೆರೆಯ ವಾಹಿನಿಯ ನಟ ಎಷ್ಟೇ ಚೆನ್ನಾಗಿ ಅಭಿನಯಿಸಿರಲಿ, ಈ ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುವುದಿಲ್ಲ. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಓದಿಸುವ ಪದ್ಧತಿ ಉಂಟಷ್ಟೆ: ಯಾರು ಯಾರಿಗೆ ಏನು ಕೊಟ್ಟರೆಂದು ಒಬ್ಬರು ಗಟ್ಟಿಯಾಗಿ ಕೂಗುತ್ತಾರೆ, ಕೇಳಿದವರು ತಲೆಯಾಡಿಸುತ್ತಾರೆ, ಬಂದ ಬೀಗರಲ್ಲಿ ಯಾರೂ ಬರಿಗೈಯಲ್ಲಿ ಹೋಗಕೂಡದು. ನಾನು ಕಂಡ ಸಮಾರಂಭದ ರೀತಿಯೂ ಅದೇ. ಮುಯ್ಯಿಗೆ ನನ್ನ ಆಕ್ಷೇಪವಿಲ್ಲ, ಅದು ಬಳಗವನ್ನು ಉಳಿಸುವ ಒಳ್ಳೆಯ ಪದ್ಧತಿ. ಆದರೆ ಮುಯ್ಯಿಯನ್ನು ಯಾರೂ ತೀರ್ಪೆಂದು ಕರೆಯುವುದಿಲ್ಲ.

ಬಹುಮಾನಗಳ ಹೆಸರುಗಳನ್ನು ಗಮನಿಸಿ. ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಮಗಳು, ಮೆಚ್ಚಿನ ಜೋಡಿ. ಇಲ್ಲಿ ಮೆಚ್ಚಿಕೆ ಯಾವುದಕ್ಕೆ? ಅತ್ತೆಯಾಗಿ ಕಂಡ ಪಾತ್ರದ ಗುಣಕ್ಕೋ, ಆ ಪಾತ್ರವನ್ನು ಧರಿಸಿದವಳ ವಿದ್ಯೆಗೋ? ಸೊಸೆಯನ್ನು ಮಗಳಂತೆ ಕಾಣುವ ಅತ್ತೆ ಎಲ್ಲರಿಗೂ ಬೇಕಾದವಳೇ. ಅವಳ ಪಾತ್ರವನ್ನು ನೀರಸವಾಗಿ ನಿರ್ವಹಿಸಿದರೂ ಅವಳು ಮೆಚ್ಚಿನ ಅತ್ತೆಯಾಗಿಯೇ ಉಳಿಯುತ್ತಾಳೆ. ನಾಟಕ ಕಂಪೆನಿಗಳ ಕಾಲದ ಪ್ರೇಕ್ಷಕ ಈ ಗೊಂದಲಕ್ಕೆ ಬಿದ್ದವನಲ್ಲ. ಹೊಸಪೇಟೆಯ ನೆರೆಯ ಮರಿಯಮ್ಮನಹಳ್ಳಿ ರಂಗದ ಹೆಣ್ಣುಮಕ್ಕಳಿಗೆ ಹೆಸರಾದ ಊರು. ಅಂಥ ಕಡೆಯ ಪ್ರೇಕ್ಷಕ ‘ಒನ್ಸ್ ಮೋರ್’ ಎಂದು ಕೂಗಿದರೆ ಅದು ಒಂದು ಹಾಡಿಗೆ, ಆ ಹಾಡಿನ ಒಂದು ತಿರುವಿಗೆ ಸಂದ ಬೆಲೆ. ಸೀತೆಯ ಪಾತ್ರಧಾರಿ ಅಪಸ್ವರ ಹಾಡಿದರೆ ಅವಳು ಪತಿವ್ರತೆಯೆಂದು ಯಾರೂ ಸುಮ್ಮನಿರುತ್ತಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಇಂದಿನ ಪ್ರೇಕ್ಷಕರಿಗೆ ವಿವೇಚನೆಯಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಅಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಮನೆಯ ಹಿರಿಯ ಅಜ್ಜಿಯ ಉದಾಹರಣೆಯನ್ನೇ ಹೇಳುತ್ತೇನೆ. ವೇದಿಕೆಯ ಮೇಲೆ ಒಬ್ಬ ನಾಯಕಿಗೆ ಬಹುಮಾನ ಬಂತು. ಆಕೆಯ ಅಳುವಿನ ದೃಶ್ಯಗಳನ್ನು ಪೋಣಿಸಿ ತೋರಿಸಿದರು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟಲಿಲ್ಲ. ಯಾಕೆಂದು ಸೊಸೆ ಕೇಳಿದ್ದಕ್ಕೆ, “ಅಳೋದು ಚೊಲೋನ ಅಳ್ತಾಳವ್ವ. ಆದ್ರ ಯಾಕ ಅಳ್ತಾಳ ಅಂಬೋದು ಒಂದಿನಾನೂ ತಿಳೀಲಿಲ್ಲ ನಂಗ” ಎಂದರು. ಧಾರಾವಾಹಿಗಳನ್ನು ಕುರಿತು ನಾನು ಓದಿದ ಎಷ್ಟೋ ದೊಡ್ಡ ಲೇಖನಗಳಲ್ಲಿ ಈ ಒಂದು ಮಾತಿನ ತೂಕ ಕಂಡಿಲ್ಲ. ಕಣ್ಣೀರಿಗೆ ಕಾರಣ ಸಾಲದು ಎನ್ನುವುದು ಔಚಿತ್ಯವಿಚಾರ. ಕ್ಷೇಮೇಂದ್ರ ಅದನ್ನು ಸಂಸ್ಕೃತದಲ್ಲಿ ಹೇಳಿದ.

ವಿದ್ಯಾವಂತರು ಸಾಮಾನ್ಯವಾಗಿ ಹೊರಿಸುವ ಅಪವಾದ ಬೇರೆ. ಅತ್ತೆ ಸೊಸೆಯರ ಜಗಳ, ಮಲತಾಯಿಯ ಕುತಂತ್ರ, ಸತ್ತನೆಂದು ತಿಳಿದವನು ಮತ್ತೆ ಬರುವುದು, ಇವೆಲ್ಲ ಅಗ್ಗದ ಸರಕು ಎನ್ನುತ್ತಾರೆ. ಈ ಮಾತನ್ನು ಹೊಸಪೇಟೆ ಕಂಪ್ಲಿಗಳ ಸೀಮೆಯಲ್ಲಿ ನಿಂತು ಆಡುವವನು ಸ್ವಲ್ಪ ಸುತ್ತ ನೋಡಿಕೊಳ್ಳಬೇಕು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಈ ನೆಲದ್ದು. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ತುಘಲಕನ ಸೈನ್ಯದೆದುರು ಬಿದ್ದ ಕಂಪ್ಲಿಯ ರಾಜ್ಯದ್ದು. ಕಥೆಯ ನಡುವೆ ಇರುವುದೇನು? ಚೆಂಡು ಹುಡುಕಿಕೊಂಡು ಒಳಗೆ ಬಂದ ಮಲಮಗನ ಮೇಲೆ ರತ್ನಾಜಿಯ ಮನಸ್ಸು ಹರಿಯುತ್ತದೆ. ಅವನು ಒಲ್ಲೆನೆಂದಾಗ ಅವಳು ಸುಳ್ಳು ದೂರು ಹೇಳುತ್ತಾಳೆ. ತಂದೆ ಮಗನ ತಲೆ ಕೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ಅಡಗಿಸಿಡುತ್ತಾನೆ. ಶತ್ರು ಬಂದಾಗ ಸತ್ತವನು ಹೊರಬರುತ್ತಾನೆ. ಇಷ್ಟನ್ನೇ ಒಂದು ಹಾಳೆಯ ಮೇಲೆ ಬರೆದು ಯಾವ ವಾಹಿನಿಯ ಕಚೇರಿಗೆ ಒಯ್ದರೂ ಮರುದಿನವೇ ಚಿತ್ರೀಕರಣಕ್ಕೆ ಏರ್ಪಾಡಾದೀತು!

ಸರಕು ಒಂದೇ. ವ್ಯತ್ಯಾಸ ಇರುವುದು ಅಜ್ಜಿ ಕೇಳಿದ ‘ಯಾಕ’ ಎಂಬಲ್ಲಿ. ಕೆಲವು ಪಾಠಗಳಲ್ಲಿ ರತ್ನಾಜಿಯನ್ನು ಮೊದಲು ರಾಮನಿಗೆಂದೇ ನೋಡಿದ್ದು, ಆಮೇಲೆ ತಂದೆ ತಾನೇ ಮದುವೆಯಾದನೆಂದು ಬರುತ್ತದೆ. ಇದೊಂದು ಎಳೆ ಸೇರಿದೊಡನೆ ಅವಳ ಪಾಪ ಕಡಮೆಯಾಗದಿದ್ದರೂ ಅವಳ ಅಳಲು ನಮಗೆ ಮುಟ್ಟುತ್ತದೆ. ಧಾರಾವಾಹಿಯ ಖಳನಾಯಕಿಗೆ ಇಂಥ ಒಂದು ಎಳೆಯನ್ನು ಕೊಡುವುದಕ್ಕೆ ಸಾವಿರ ಕಂತುಗಳಲ್ಲಿ ಎಡೆ ಸಿಗುವುದಿಲ್ಲ. ಹುಬ್ಬು ತಿದ್ದಿ ಅರ್ಧ ನಗೆ ನಗುವುದಕ್ಕೆ ಮಾತ್ರ ದಿನವೂ ಎಡೆ ಸಿಗುತ್ತದೆ. ವರ್ಷದ ಕೊನೆಗೆ ಆ ಅರ್ಧ ನಗೆಗೂ ಒಂದು ಬಹುಮಾನವುಂಟು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಚಾರಕ್ಕೆ ಬರುತ್ತೇನೆ. ಧಾರಾವಾಹಿಯನ್ನು ನಾವು ನೋಡುವ ಕಲೆಯೆಂದು ತಿಳಿದಿದ್ದೇವೆ. ರಾತ್ರಿಯ ಹೊತ್ತಿಗೆ ಅದು ನಿಜವಿರಬಹುದು. ಹಗಲಿನ ಹೊತ್ತಿಗೆ ನಿಜವಲ್ಲ. ರಾತ್ರಿ ಬಂದ ಕಂತು ಮರುದಿನ ಹಗಲು ಮತ್ತೆ ಬರುತ್ತದೆ. ಅದರೊಂದಿಗೆ ಬೇರೆ ಭಾಷೆಯಲ್ಲಿ ತಯಾರಾಗಿ ಕನ್ನಡದ ಮಾತು ತೊಟ್ಟುಬಂದ ಕಥೆಗಳೂ ಬರುತ್ತವೆ. ಇವನ್ನು ಮಧ್ಯಾಹ್ನ ಯಾರು, ಹೇಗೆ ನೋಡುತ್ತಾರೆ? ಸಂಡೂರಿನ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುತ್ತ ಕುಳಿತಿರುತ್ತಾರೆ. ಕನ್ನಡಿಚೂರನ್ನು ಬಟ್ಟೆಗೆ ಕೂರಿಸುವಾಗ ಕಣ್ಣು ಸೂಜಿಯಿಂದ ಕದಲುವಂತಿಲ್ಲ. ಕದಲಿದರೆ ಬೆರಳಿಗೆ ಚುಚ್ಚುತ್ತದೆ. ಕಂಪ್ಲಿಯ ಮನೆಯಲ್ಲಿ ಅಕ್ಕಿ ಆರಿಸುವವಳ ಕಣ್ಣು ಮೊರದ ಮೇಲೆ. ಹೊಸಪೇಟೆಯಲ್ಲಿ ಹೊಲಿಗೆಯಂತ್ರ ತುಳಿಯುವವಳ ಕಣ್ಣು ಬಟ್ಟೆಯ ಅಂಚಿನ ಮೇಲೆ. ೨೦೨೧ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಗಿ ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಆದರೆ ಮಧ್ಯಾಹ್ನದ ಈ ಹೊತ್ತು ಹಂಚಿಹೋಗಲಿಲ್ಲ. ಎಲ್ಲ ಕಡೆಯೂ ಕಣ್ಣು ಕೆಲಸದಲ್ಲಿ, ಕಿವಿ ಕಥೆಯಲ್ಲಿ. ಏನೋ ದೊಡ್ಡದು ಆಗುತ್ತಿದೆಯೆಂದು ದನಿಯಿಂದ ತಿಳಿದಾಗ ಮಾತ್ರ ತಲೆ ಮೇಲೇಳುತ್ತದೆ.

ಈ ಕಲೆ ಹುಟ್ಟಿದ್ದೇ ಕಿವಿಗಾಗಿ. ೧೯೩೦ರಲ್ಲಿ ಅಮೆರಿಕದ ಷಿಕಾಗೊ ನಗರದ ರೇಡಿಯೋ ನಿಲಯವೊಂದು ಇರ್ನಾ ಫಿಲಿಪ್ಸ್ ಎಂಬಾಕೆ ಬರೆದ ದೈನಂದಿನ ಸಂಸಾರಕಥೆಯನ್ನು ಪ್ರಸಾರ ಮಾಡಿತು. ಮಧ್ಯಾಹ್ನ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರೇ ಇಂಥ ಕಥೆಗಳ ಶ್ರೋತೃಗಳು. ಅವರಿಗೆ ಸಾಬೂನು ಮಾರುವ ಕಂಪೆನಿಗಳು ಇವುಗಳ ಖರ್ಚು ಹೊತ್ತವು. ‘ಸೋಪ್ ಒಪೆರಾ’ ಎಂಬ ಹಗುರ ಮಾತಿನ ಹೆಸರು ಅದರಿಂದಲೇ ಅಂಟಿಕೊಂಡಿತು. ಅದೇ ಇರ್ನಾ ಫಿಲಿಪ್ಸ್ ಆರಂಭಿಸಿದ ‘ಗೈಡಿಂಗ್ ಲೈಟ್’ ೧೯೩೭ರಲ್ಲಿ ರೇಡಿಯೋದಲ್ಲಿ ಮೊದಲಾಗಿ, ೧೯೫೨ರಲ್ಲಿ ಟೆಲಿವಿಷನ್ನಿಗೆ ಬಂದು, ೨೦೦೯ರವರೆಗೆ ನಡೆಯಿತು. ಎಪ್ಪತ್ತೆರಡು ವರ್ಷ! ನಮ್ಮ ಧಾರಾವಾಹಿಗಳಲ್ಲಿ ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು, ನಂಟು ಹಿಡಿದು ಮತ್ತೆ ಮತ್ತೆ ಕರೆಯುವುದನ್ನು ನಾವು ಹಾಸ್ಯ ಮಾಡುತ್ತೇವೆ. ‘ನಿನ್ನೆ ನೀನು ಅಣ್ಣನ ಮುಂದೆ ಹೇಳಿದೆಯಲ್ಲ’ ಎಂದು ನಿನ್ನೆಯದನ್ನು ಇಂದು ಹೇಳುವುದನ್ನು ಎಳೆದಾಟ ಎನ್ನುತ್ತೇವೆ. ಎಳೆದಾಟ ಇಲ್ಲವೆನ್ನಲಾರೆ, ಧಾರಾಳವಾಗಿ ಇದೆ. ಆದರೆ ಅದರಲ್ಲಿ ಒಂದು ಪಾಲು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತವಳಿಗೆ ಕಥೆ ತಪ್ಪದಿರಲೆಂದು ಮಾಡಿದ ಉಪಾಯ.

ಹಾಗಿದ್ದ ಮೇಲೆ ಈ ಕಲೆಯ ನಿಜವಾದ ಕರ್ತೃಗಳು ಮಾತು ಬರೆಯುವವರು ಮತ್ತು ಮಾತು ಆಡುವವರು. ದೂರದರ್ಶನದಲ್ಲಿ ೧೯೯೮ರಲ್ಲಿ ಬಂದ ಟಿ. ಎನ್. ಸೀತಾರಾಂ ಅವರ ‘ಮಾಯಾಮೃಗ’ವನ್ನು ನೆನೆಯುವವರು ಇಂದಿಗೂ ಅದರ ಉಡುಗೆತೊಡುಗೆಯನ್ನು ನೆನೆಯುವುದಿಲ್ಲ, ಮಾತನ್ನು ನೆನೆಯುತ್ತಾರೆ. ಅವರ ಮುಂದಿನ ಧಾರಾವಾಹಿಗಳ ನ್ಯಾಯಾಲಯದ ವಾದಗಳನ್ನು ಕಣ್ಣು ಮುಚ್ಚಿ ಕೇಳಿದರೂ ನಷ್ಟವಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀ ಮೂವರು ಹೆಣ್ಣುಮಕ್ಕಳ ತಾಯಿಯಾಗಿ ಬಂದರು. ಅದರ ಕಥೆ ಹಲವು ಕಡೆ ಹಳೆಯ ಜಾಡನ್ನೇ ತುಳಿಯಿತು. ಆದರೆ ರಂಗಭೂಮಿಯಲ್ಲಿ ಪಳಗಿದ ಆ ದನಿ ಒಂದು ವಾಕ್ಯದ ಕೊನೆಯಲ್ಲಿ ತಗ್ಗಿದರೆ ಸಾಕು, ಮುಖ ಕಾಣದವರಿಗೂ ಪುಟ್ಟಕ್ಕನಿಗೆ ಅವಮಾನವಾಯಿತೆಂದು ತಿಳಿಯುತ್ತಿತ್ತು. ಇದು ಪ್ರಶಸ್ತಿಗೆ ತಕ್ಕ ವಿದ್ಯೆ. ಆದರೆ ‘ಮೆಚ್ಚಿನ ತಾಯಿ’ ಎಂಬ ಹೆಸರಿನಲ್ಲಿ ಅದನ್ನು ಹಿಡಿಯಲಾಗುವುದಿಲ್ಲ.

ಸಂಭಾಷಣೆಕಾರರಿಗೆ ಬಹುಮಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದರೂ ಅದು ಹೇಗೆ ಸಲ್ಲುತ್ತದೆ ಎಂಬುದು ಪ್ರಶ್ನೆ. ನಾಯಕ ನಾಯಕಿಯರ ಕುಣಿತಕ್ಕೆ ಹತ್ತು ನಿಮಿಷ. ಬರೆದವರ ಸರದಿ ಬಂದರೆ ಕೈಕುಲುಕು, ಛಾಯಾಚಿತ್ರ, ಜಾಹೀರಾತು. ಅವರು ಬರೆದ ಒಂದು ಮಾತನ್ನಾದರೂ ಸಭೆಗೆ ಕೇಳಿಸಬಹುದಾಗಿತ್ತಲ್ಲ! ಕುಣಿತದ ಬದಲು ಐದು ನಿಮಿಷ ದೀಪಗಳನ್ನು ಆರಿಸಿ ವರ್ಷದ ಒಳ್ಳೆಯ ಸಂಭಾಷಣೆಯೊಂದನ್ನು ಬರಿಯ ದನಿಯಲ್ಲಿ ಕೇಳಿಸಿದ್ದರೆ ಸಂಡೂರಿನ ಕಸೂತಿಯವಳಿಗೆ ಅದು ತಾನು ಬಲ್ಲ ಕಲೆಯೆಂದು ಗುರುತಾಗುತ್ತಿತ್ತು.

ಬೇರೆ ಭಾಷೆಯ ಮುಖಗಳಿಗೆ ಕನ್ನಡದ ದನಿ ಕೊಡುವವರ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ೨೦೨೦ರಲ್ಲಿ ಚಿತ್ರೀಕರಣಗಳೆಲ್ಲ ನಿಂತು ಜನ ಮನೆಯೊಳಗೆ ಕುಳಿತಿದ್ದಾಗ ಹಿಂದಿಯಲ್ಲಿ ತಯಾರಾದ ಮಹಾಭಾರತ ಕನ್ನಡದ ಮಾತಿನೊಂದಿಗೆ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಬಂತು. ಡಬ್ಬಿಂಗ್ ಬೇಕೋ ಬೇಡವೋ ಎಂಬ ಕನ್ನಡದ ಹಳೆಯ ಜಗಳವನ್ನು ಇಲ್ಲಿ ತರುವುದಿಲ್ಲ. ಅದಕ್ಕೆ ಎರಡು ಪಕ್ಷದಲ್ಲೂ ನ್ಯಾಯವುಂಟು. ಬಂದ ಮೇಲೆ ಒಂದು ಸಂಗತಿಯನ್ನು ಒಪ್ಪಬೇಕು: ಕೃಷ್ಣನೂ ಕರ್ಣನೂ ಆ ದಿನಗಳಲ್ಲಿ ಎಷ್ಟೋ ಮಕ್ಕಳಿಗೆ ಕಲಿಸಿದ ಕನ್ನಡ, ತುಟಿಯ ಚಲನೆಗೆ ಅಳೆದು ಕೂರಿಸಿದ ಕನ್ನಡವಾದರೂ ನಮ್ಮ ಎಷ್ಟೋ ಮೂಲ ಧಾರಾವಾಹಿಗಳದ್ದಕ್ಕಿಂತ ತೂಕವಾದದ್ದು. ಹೀಗೆ ದನಿ ಕೊಡುವುದಕ್ಕೆ ನಮ್ಮಲ್ಲಿ ‘ಕಂಠದಾನ’ವೆಂಬ ಚೆಂದದ ಮಾತಿದೆ. ದಾನ ಕೊಟ್ಟವರ ಹೆಸರು ಹೇಳಬಾರದೆಂದು ಯಾರೋ ಧರ್ಮಶಾಸ್ತ್ರ ನೋಡಿರಬೇಕು.

ದನಿಗೆ ಬೆಲೆ ಕಟ್ಟುವುದು ಆಗದ ಕೆಲಸವೆನ್ನುವವರಿಗೆ ದೂರದ ಉದಾಹರಣೆ ಬೇಕಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯ ಕಲಾವಿದೆ. ಬುಡ್ಗ ಜಂಗಮ ಸಮುದಾಯದವರು, ಅಕ್ಷರ ಬಲ್ಲವರಲ್ಲ. ಕುಮಾರರಾಮ, ಬಾಲನಾಗಮ್ಮ ಮೊದಲಾಗಿ ಹನ್ನೆರಡು ದೊಡ್ಡ ಕಥೆಗಳು ಅವರ ನಾಲಗೆಯ ಮೇಲಿದ್ದವು. ಬರೆದಿಟ್ಟರೆ ೭,೦೦೦ ಪುಟಗಳಾಗುವಷ್ಟೆಂದು ಹೇಳುತ್ತಾರೆ. ಒಂದು ರಾತ್ರಿಗೆ ಮುಗಿಯದ ಕಥೆ ಅದು. ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದ ಇಂದು ಹಿಡಿಯಬೇಕು, ನಿನ್ನೆ ಬಾರದವರಿಗೆ ಅದು ತಿಳಿಯಬೇಕು, ಬಂದವರಿಗೆ ಬೇಸರವಾಗಕೂಡದು. ಜೊತೆಗಾರರು ವಾದ್ಯ ಬಾರಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಾರೆ. ಧಾರಾವಾಹಿಯವರು ಹಿಂದಿನ ಕಂತಿನ ತುಣುಕುಗಳನ್ನು ತೋರಿಸಿ ಮಾಡುವ ಕೆಲಸವನ್ನು ಈರಮ್ಮನಂಥವರು ಒಂದು ನುಡಿಯಲ್ಲಿ, ಅದೂ ರಾಗದಲ್ಲಿ, ಮುಗಿಸುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ೨೦೦೩ರಲ್ಲಿ ಅವರಿಗೆ ನಾಡೋಜ ಗೌರವ ಕೊಟ್ಟಿತು. ಪಂಪನೊಂದಿಗೆ ಬೆಳೆದ ಬಿರುದು ಅದು. ಓದುಬರಹ ಬಾರದ ಒಬ್ಬಾಕೆಯ ಹೆಸರಿನೊಂದಿಗೆ ಕೂಡಿದಾಗ ಯಾರಿಗೂ ಅಪಭ್ರಂಶವೆನಿಸಲಿಲ್ಲ. ಈರಮ್ಮ ೨೦೧೪ರ ಆಗಸ್ಟಿನಲ್ಲಿ ತೀರಿಕೊಂಡರು. ಅಲ್ಲಿ ಮೆಚ್ಚಿದ್ದು ಅವರು ಯಾರ ತಾಯಿ, ಯಾರ ಸೊಸೆ ಎಂಬುದನ್ನಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ, ಟೆಲಿವಿಷನ್ನೆಲ್ಲ ತಗಡು ಎಂದು ನಾನು ಬರೆದರೆ ಅಜ್ಜಿಗೆ ಅನ್ಯಾಯ ಮಾಡಿದಂತೆ. ಈರಮ್ಮನಂಥವರ ಕಥೆ ಕೇಳಿ ಬೆಳೆದ ತಲೆಮಾರೇ ಇಂದು ಮಧ್ಯಾಹ್ನದ ಧಾರಾವಾಹಿಗೆ ಕಿವಿಗೊಟ್ಟು ಕುಳಿತಿದೆ. ಅವರ ಕಿವಿ ಕೆಟ್ಟಿಲ್ಲ. ಕೊರತೆಯಿರುವುದು ಆ ಕಿವಿಯ ತೀರ್ಪನ್ನು ಕೇಳಿಕೊಳ್ಳುವ ಏರ್ಪಾಡಿನಲ್ಲಿ. ಜನರ ಮತದಿಂದಲೇ ಆರಿಸುತ್ತೇವಲ್ಲ ಎಂದು ವಾಹಿನಿಯವರು ಹೇಳಬಹುದು. ಮತ ಕೇಳುವ ಪ್ರಶ್ನೆ ಒಂದೇ: ಯಾರು ನಿಮಗೆ ಇಷ್ಟ? ಅಜ್ಜಿಗೆ ಆ ನಾಯಕಿ ಇಷ್ಟವೇ. ಅವರ ಮತವೂ ಅವಳಿಗೇ ಬಿದ್ದೀತು. ‘ಯಾಕ ಅಳ್ತಾಳ’ ಎಂಬುದನ್ನು ಒತ್ತಲು ಮೊಬೈಲಿನಲ್ಲಿ ಗುಂಡಿಯಿಲ್ಲ.

ಇಷ್ಟಕ್ಕೂ ತೀರ್ಪಿಗೂ ಇರುವ ಅಂತರಕ್ಕೆ ಅಮೆರಿಕದ ಒಂದು ಪ್ರಸಂಗವನ್ನು ಹೇಳಬಹುದು. ಅಲ್ಲಿ ಹಗಲಿನ ಟೆಲಿವಿಷನ್ನಿಗೆಂದೇ ‘ಡೇಟೈಮ್ ಎಮ್ಮಿ’ ಎಂಬ ಪ್ರತ್ಯೇಕ ಪ್ರಶಸ್ತಿ ಸಮಾರಂಭ ೧೯೭೪ರಿಂದ ನಡೆದುಬಂದಿದೆ. ರಾತ್ರಿಯ ಕಾರ್ಯಕ್ರಮಗಳೆದುರು ಹಗಲಿನವು ಸದಾ ಹಿಂದೆ ಬೀಳುತ್ತವೆ ಎಂಬುದೇ ಅದಕ್ಕೆ ಸಮರ್ಥನೆ. ಯಾವ ವಾಹಿನಿಯವರಾದರೂ ಅಲ್ಲಿ ಸ್ಪರ್ಧಿಸಬಹುದು. ತಮ್ಮ ಕೆಲಸದ ಮಾದರಿಯಾಗಿ ಆರಿಸಿದ ಕಂತುಗಳನ್ನು ಒಪ್ಪಿಸಬೇಕು. ಅದೇ ವೃತ್ತಿಯವರು ಕುಳಿತು ನೋಡಿ ಬೆಲೆ ಕಟ್ಟುತ್ತಾರೆ. ಸೂಸನ್ ಲೂಚಿ ಎಂಬ ನಟಿ ೧೯೭೦ರಲ್ಲಿ ಆರಂಭವಾದ ‘ಆಲ್ ಮೈ ಚಿಲ್ಡ್ರನ್’ ಧಾರಾವಾಹಿಯ ಎರಿಕಾ ಕೇನ್ ಪಾತ್ರಧಾರಿ. ಹಗಲಿನ ಧಾರಾವಾಹಿಗಳಲ್ಲಿ ಅವಳಷ್ಟು ಜನಪ್ರಿಯಳು ಇನ್ನೊಬ್ಬಳಿರಲಿಲ್ಲವೆನ್ನಬಹುದು. ಹದಿನೆಂಟು ಸಲ ಅವಳ ಹೆಸರು ಕೊನೆಯ ಪಟ್ಟಿಗೆ ಬಂತು. ಹದಿನೆಂಟು ಸಲವೂ ಅವಳು ಬರಿಗೈಯಲ್ಲಿ ಹೋದಳು. ೧೯೯೯ರಲ್ಲಿ, ಹತ್ತೊಂಬತ್ತನೆಯ ಸಲ, ಗೆದ್ದಾಗ ಸಭೆಯೆಲ್ಲ ಎದ್ದುನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿತು.

ಆ ಹದಿನೆಂಟು ಸೋಲುಗಳು ನ್ಯಾಯವೋ ಅನ್ಯಾಯವೋ, ಅಲ್ಲಿಯವರೇ ಜಗಳವಾಡಲಿ. ನನಗೆ ಬೇಕಾದದ್ದು ಇಷ್ಟೇ: ಅಲ್ಲಿ ಬಹುಮಾನ ಬಾರದೆ ಇರುವ ಸಾಧ್ಯತೆ ಇತ್ತು. ಎಲ್ಲರಿಗಿಂತ ಬೇಕಾದವಳಿಗೂ ಇತ್ತು. ಅದರಿಂದಲೇ ಬಂದ ದಿನದ ಚಪ್ಪಾಳೆಗೆ ಅರ್ಥವಿತ್ತು. ನಮ್ಮ ಸಮಾರಂಭದಲ್ಲಿ ಯಾರಿಗೂ ಬೇಸರವಾಗದಂತೆ ಪ್ರಶಸ್ತಿಗಳನ್ನೇ ಹೆಚ್ಚಿಸುತ್ತ ಹೋಗಿ, ಕಡೆಗೆ ಮನೆಯ ನಾಯಿಗೂ ಒಂದು ಉಳಿದೀತೆಂದು ಬಾಗಿಲ ಬಳಿಯ ಯಜಮಾನರು ಹೇಳಿದರು. ಅವರು ನೋಡುತ್ತಿರಲಿಲ್ಲವಷ್ಟೆ!

ತೀರ್ಪುಗಾರರನ್ನು ಅಮೆರಿಕದಿಂದಲೇ ತರಬೇಕೆಂದಿಲ್ಲ. ಹೊಸಪೇಟೆಯಿಂದ ಮೂರು ಹರಿದಾರಿಯೂ ಇಲ್ಲದ ಹಂಪಿಯ ಮಹಾನವಮಿ ದಿಬ್ಬದ ಮೇಲೆ ನಿಂತರೆ ಸಾಕು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ನವರಾತ್ರಿಯ ಉತ್ಸವವನ್ನು ವಿವರವಾಗಿ ಬರೆದಿದ್ದಾನೆ. ಮೈಮೇಲೆ ಹೇರಿದ ಚಿನ್ನದ ಭಾರವನ್ನು ಕೆಲವು ಹೆಂಗಸರು ತಾವೇ ತಾಳಲಾರದೆ, ಅವರ ತೋಳುಗಳನ್ನು ಬೇರೆ ಹೆಂಗಸರು ಹಿಡಿದು ಆನಿಸಿಕೊಂಡು ಬರುತ್ತಿದ್ದರಂತೆ. ಪ್ರಶಸ್ತಿ ಸಮಾರಂಭಗಳ ಕೆಂಪುಗಂಬಳಿಯ ಮೇಲೆ, ಹಿಂದೆ ಸೆರಗು ಹಿಡಿದು ನಡೆಯುವವರೊಂದಿಗೆ ಬರುವ ನಾಯಕಿಯರನ್ನು ಕಂಡಾಗ ನನಗೆ ಈ ವರ್ಣನೆ ನೆನಪಾಗದೆ ಇರುವುದಿಲ್ಲ. ಐನೂರು ವರ್ಷದಲ್ಲಿ ನಾವು ಅಷ್ಟೇನೂ ಮುಂದೆ ಬಂದಿಲ್ಲ. ಆದರೆ ಪಾಯೆಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ. ಅದೇ ಉತ್ಸವದ ಕುಸ್ತಿಯಲ್ಲಿ ಸಮಜೋಡಿಗಳನ್ನು ಕೂಡಿಸಲು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಣಯಿಸಲು ಪಂಚರಿದ್ದರು. ಹಲ್ಲು ಮುರಿಯುವ ಆ ಆಟಕ್ಕೆ ಇದ್ದ ನ್ಯಾಯ ಮಾತಿನ ಕಲೆಗೆ ಬೇ‌ಡವೇ? ಕನ್ನಡ ಚಲನಚಿತ್ರಗಳಿಗೆ ರಾಜ್ಯಪ್ರಶಸ್ತಿಯೂ ಆಯ್ಕೆ ಸಮಿತಿಯೂ ಬಂದು ದಶಕಗಳಾದವು. ಅದರ ತೀರ್ಪುಗಳ ಮೇಲೆ ಜಗಳಗಳೂ ಆಗಿವೆ. ಜಗಳವಾಗಲಿ, ಧಾರಾವಾಹಿಯ ಮಾತನ್ನು ಕುರಿತು ಜಗಳವಾಡಲು ನಮಗೆ ಒಂದು ಜಾಗವೇ ಇಲ್ಲವಾಗಿದೆ.

ಸಮಾರಂಭವನ್ನು ಒಂದು ನಾಟಕವೆಂದು ನೋಡಿದರೂ ಅದು ಸೋಲುವುದು ಅನಿರೀಕ್ಷಿತಕ್ಕೆ ಎಡೆಯಿಲ್ಲದ್ದರಿಂದ. ಕಲಾವಿದೆಯ ತಾಯಿಯನ್ನು ಊರಿನಿಂದ ಕರೆಸಿ ಪರದೆಯ ಹಿಂದೆ ನಿಲ್ಲಿಸಿರುತ್ತಾರೆ, ನಿರೂಪಕಿ ಕಣ್ಣು ಅಗಲಿಸುತ್ತಾಳೆ, ಪಿಟೀಲು ಏಳುತ್ತದೆ, ತಾಯಿ ಬರುತ್ತಾಳೆ. ಆ ತಾಯಿಯ ಕಣ್ಣೀರು ನಿಜವೇ ಇರುತ್ತದೆ, ಅದು ಇನ್ನೂ ಸಂಕಟದ ವಿಷಯ. ಇದಕ್ಕೆದುರಾಗಿ ೨೦೨೧ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ನೆನೆಯಿರಿ. ಅಲ್ಲಿ ಹೆಜ್ಜೆಹೆಜ್ಜೆಗೂ ಶಿಷ್ಟಾಚಾರ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸಲು ನಡೆದುಬಂದರು. ಪದಕಕ್ಕೆ ಕೈಯೊಡ್ಡುವ ಮೊದಲು ಸೀರೆಯ ಸೆರಗಿನಿಂದ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಎರಡು ಕ್ಷಣದ ಕೆಲಸ. ಕೋವಿಂದರು ನಕ್ಕರು, ಸಭೆ ಚಪ್ಪಾಳೆ ತಟ್ಟಿತು, ದೇಶದ ವಾಹಿನಿಗಳೆಲ್ಲ ಅದನ್ನು ಮತ್ತೆ ಮತ್ತೆ ತೋರಿಸಿದವು. ಆ ಎರಡು ಕ್ಷಣದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದೇ ಅದಲುಬದಲಾಗಿ, ಜೋಗತಿಯರ ಒಂದು ಇಡೀ ಪರಂಪರೆ ಆ ಸಭೆಗೆ ಕಂಡಿತು. ನಿರ್ದೇಶಕನೊಬ್ಬ ಅದನ್ನು ಮೊದಲೇ ಯೋಜಿಸಿ ಪಿಟೀಲು ನುಡಿಸಿದ್ದರೆ ಸತ್ತುಹೋಗುತ್ತಿತ್ತು.

ಒಂದು ಮಾತನ್ನು ಬಿಟ್ಟಿದ್ದೆ. ಎರಡು ದಿನದ ಆ ಸಮಾರಂಭದಲ್ಲಿ ನಮ್ಮ ಕಡೆಯ ಕನ್ನಡ ನನ್ನ ಕಿವಿಗೆ ಬಿದ್ದದ್ದು ಒಂದೇ ಸಲ, ಅದೂ ಹಾಸ್ಯದ ಪ್ರಹಸನದಲ್ಲಿ ಅಡಿಗೆಯವನ ಬಾಯಲ್ಲಿ. ನಾಯಕಿ ‘ಹೌದ್ರಿ’ ಎಂದರೆ ಅವಳ ಸೌಂದರ್ಯಕ್ಕೆ ಏನು ಕುಂದು ಬರುತ್ತದೆಯೋ ನನಗೆ ತಿಳಿಯದು. ಅಂದು ಅಡಿಗೆಯವನು ಆಡಿದ್ದೂ ನಮ್ಮ ಮಾತಲ್ಲ. ಬೆಂಗಳೂರಿನಲ್ಲಿ ಕುಳಿತು ಊಹಿಸಿದ ಮಾತು. ಮನೆಯವರೆಲ್ಲ ನಕ್ಕರು. ಸೊಸೆ ಮಾತ್ರ, “ನಾವೆಲ್ಲಿ ಹಂಗ ಮಾತಾಡ್ತೀವಿ?” ಎಂದಳು.

ಭಾನುವಾರ ರಾತ್ರಿ ಸಮಾರಂಭ ಮುಗಿದು ನಾನು ಹೊರಡಲು ಎದ್ದಾಗ ಅಜ್ಜಿ ಒಂದು ಪ್ರಶ್ನೆ ಕೇಳಿದರು. “ಮಧ್ಯಾಹ್ನ ಬರ್ತದಲ್ಲಪ್ಪ, ಆ ರಾಣಿ ಕಥಿ. ಅದ್ರಾಗ ರಾಣಿ ಮಾತಾಡೋದು ನಮ್ಮ ಕನ್ನಡದ ಹೆಣ್ಣುಮಗಳಂತ. ಆಕಿಗೇನರ ಕೊಟ್ರೇನು?” ಬೇರೆ ಭಾಷೆಯಿಂದ ಬಂದ ಒಂದು ಪುರಾಣಕಥೆಯ ಧಾರಾವಾಹಿಯ ವಿಷಯ ಅದು. ಕೊಡಲಿಲ್ಲವೆಂದೆ. ಹೆಸರೇನೆಂದು ಕೇಳಿದರು. ನೋಡಿ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ಸೋಮವಾರ ಮಧ್ಯಾಹ್ನ ಕಾಗದ ಲೇಖನಿ ಹಿಡಿದು ಟೆಲಿವಿಷನ್ನಿನ ಮುಂದೆ ಕುಳಿತೆ. ಕಥೆ ಮುಗಿಯಿತು, ಹೆಸರುಗಳು ಪರದೆಯ ಒಂದು ಮೂಲೆಯಲ್ಲಿ ಇರುವೆಯ ಸಾಲಿನಂತೆ ಏಳಲಾರಂಭಿಸಿದವು. ಎರಡು ಸಾಲು ಓದುವಷ್ಟರಲ್ಲಿ ಅವುಗಳ ಮೇಲೆ ಮುಂದಿನ ವಾರ ಮರುಪ್ರಸಾರವಾಗುವ ಪ್ರಶಸ್ತಿ ಸಮಾರಂಭದ ಪ್ರಕಟಣೆ ಬಂದು ಕುಳಿತಿತು.